ಪೂಜೆಗೆ ಕೂತ ಪುಸ್ತಕಗಳು, ಬಾಯಲ್ಲಿ ನಡೆದ ಅಭ್ಯಾಸ

ವಡೋದರೆಯ ಮಂಜಲ್‌ಪುರದಲ್ಲಿ ನಮ್ಮ ಬಾಡಿಗೆ ಮನೆಯ ವರಾಂಡದಲ್ಲಿ ಒಂದು ಉಯ್ಯಾಲೆ ಇತ್ತು. ಮನೆ ತೋರಿಸುವಾಗ ಮಾಲೀಕರು ನಲ್ಲಿ ತಿರುಗಿಸಿ ನೀರು ತೋರಿಸುವ ಮೊದಲು ಅದನ್ನು ತೂಗಿ ತೋರಿಸಿದ್ದರು. ಆ ಸಂಜೆ ಅದರ ಮೇಲೆ ಇಬ್ಬರು ಕೂತಿದ್ದರು. ಒಬ್ಬರು ನನ್ನ ಅತ್ತೆ, ಧಾರವಾಡದವರು. ಇನ್ನೊಬ್ಬರು ಪಕ್ಕದ ಮನೆಯ ಗುಜರಾತಿ ಅಜ್ಜಿ. ಬೀದಿಗೆಲ್ಲ ಅವರು ‘ಬಾ’, ಅಂದರೆ ಅಮ್ಮ. ಕೆಳಗೆ ಚಾಪೆಯ ಮೇಲೆ ನಾನು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ನನ್ನ ನಾದಿನಿ ಬಾಗಿಲಿಗೆ ಒರಗಿ ದಪ್ಪ ಪುಸ್ತಕವೊಂದರಲ್ಲಿ ಮುಳುಗಿದ್ದಳು. ನನ್ನ ಯಜಮಾನರು ವಿಮಾ ಕಚೇರಿಯಿಂದ ಇನ್ನೂ ಬಂದಿರಲಿಲ್ಲ.

ಬಾ ನಾದಿನಿಯ ಕಡೆ ಗದ್ದ ಎತ್ತಿ ತೋರಿಸಿ ಅತ್ತೆಯನ್ನು ಕೇಳಿದರು, “ದೀಕರೀನೋ ಅಭ್ಯಾಸ ಕೇಟಲೋ?”

‘ದೀಕರಿ’ ಅಂದರೆ ಮಗಳು, ‘ಕೇಟಲೋ’ ಅಂದರೆ ಎಷ್ಟು. ನಾನು ಸೊಪ್ಪು ಬಿಟ್ಟು ತರ್ಜುಮೆಗೆ ಸಿದ್ಧಳಾದೆ. ಮನೆಯಲ್ಲಿ ನನಗಿದ್ದ ಗೌರವ ಬಹುಮಟ್ಟಿಗೆ ಆ ಕೆಲಸದಿಂದ ಬಂದದ್ದು. ಆದರೆ ಅತ್ತೆ ನನ್ನ ಕಡೆ ನೋಡಲೂ ಇಲ್ಲ. “ಎಮ್ಮೆಸ್ಸಿ ತನಕಾ ಅಭ್ಯಾಸ ಆಗ್ಯದ. ರಸಾಯನಶಾಸ್ತ್ರ,” ಎಂದರು.

“ರಸಾಯಣ್‌ಶಾಸ್ತ್ರ,” ಎಂದು ಬಾ ಮೆಚ್ಚಿ ತಲೆಯಾಡಿಸಿದರು. ಉಯ್ಯಾಲೆ ಒಮ್ಮೆ ಹಿಂದೆ ಹೋಗಿ ಮುಂದೆ ಬಂತು. ಒಬ್ಬರ ಗುಜರಾತಿ, ಇನ್ನೊಬ್ಬರ ಧಾರವಾಡ ಕನ್ನಡ, ನಡುವೆ ನನಗೆ ಕೆಲಸವೇ ಇರಲಿಲ್ಲ.

ಈ ‘ಅಭ್ಯಾಸ’ ಎಂಬ ಮಾತಿನ ಜೊತೆ ನನಗೆ ಹಳೆಯ ತಕರಾರಿದೆ. ನಾನು ತುಮಕೂರಿನ ಕಡೆಯವಳು. ಮಾತು ಕಲಿತದ್ದು ತಾತನ ತೊಡೆಯ ಮೇಲೆ. ತಾತನಿಗೆ ಅಭ್ಯಾಸ ಅಂದರೆ ಬೆಳಗಿನ ಕಾಫಿ, ಊಟದ ಮೇಲಿನ ನಿದ್ದೆ, ಅಜ್ಜಿಗೆ ಗೊತ್ತಾಗದ ಹಾಗೆ ಏರಿಸುತ್ತಿದ್ದ ನಶ್ಯ. ಶಾಲೆ ಕಾಲೇಜಿನದನ್ನೆಲ್ಲ ಅವರು ‘ಓದು’ ಅನ್ನುತ್ತಿದ್ದರು. “ಮಗು ಓದ್ಕೊಳ್ತಿದೆ, ಗಲಾಟೆ ಮಾಡ್ಬೇಡಿ.” “ಹುಡುಗ ಓದಿದಾನೆ, ಆದರೆ ಬುದ್ಧಿ ಬಂದಿಲ್ಲ.” ಅಚ್ಚಾದ ಕಾಗದದಲ್ಲಿ ಮಾತ್ರ ‘ವಿದ್ಯಾಭ್ಯಾಸ’ ಎಂದು ಓದುತ್ತಿದ್ದೆವೇ ಹೊರತು ಬಾಯಲ್ಲಿ ಯಾರೂ ಅದನ್ನು ಆಡುತ್ತಿರಲಿಲ್ಲ. ಮದುವೆಯಾಗಿ ಧಾರವಾಡದ ಮನೆ ಸೇರಿದ ಮೇಲೆ ಗೊತ್ತಾಯಿತು, ಆ ಕಡೆ ಮಕ್ಕಳು ಸಾಲಿ ಕಲಿಯುತ್ತಾರೆ, ಸಂಜೆ ಅಭ್ಯಾಸಕ್ಕೆ ಕೂಡುತ್ತಾರೆ. ಕಾಫಿ ನಶ್ಯಗಳಿಗೆ ಅಲ್ಲಿ ಬೇರೆ ಮಾತು. ರೂಢಿ ಅನ್ನುತ್ತಾರೆ, ಸಿಟ್ಟು ಬಂದರೆ ಚಟ ಅನ್ನುತ್ತಾರೆ.

ಯಜಮಾನರಿಗೆ ಮೊದಲು ಸೂರತ್ತಿಗೆ ವರ್ಗವಾಯಿತು. ವರಾಛಾದಲ್ಲಿ ವಜ್ರ ಉಜ್ಜುವ ಕಾರ್ಖಾನೆಯೊಂದರ ಮೇಲಿನ ಮನೆ ನೋಡಲು ಹೋದಾಗ ಮಾಲೀಕರು ನನ್ನನ್ನೇ ಕೇಳಿದರು, “ಭಾಯ್‌ನೋ ಅಭ್ಯಾಸ ಶುಂ?” ಯಜಮಾನರ ಅಭ್ಯಾಸ ಏನು ಅಂದರೆ ಏನು ಹೇಳುವುದು. ಬೀಡಿ ಇಲ್ಲ, ಸಿಗರೇಟು ಇಲ್ಲ, ಎಲೆ ಅಡಿಕೆ ಮಾತ್ರ ಅಪರೂಪಕ್ಕೆ ಎಂದು ಹಿಂದಿಯಲ್ಲಿ ಹೇಳಿದೆ. ಮಾಲೀಕರು ಸ್ವಲ್ಪ ಹೊತ್ತು ಯೋಚಿಸಿ ಮನೆ ಕೊಟ್ಟರು. ಡಿಗ್ರಿ ಕೇಳಿದ್ದರು ಎಂದು ಯಜಮಾನರು ಮೆಟ್ಟಿಲಿಳಿಯುವಾಗ ಹೇಳಿದರು. ಸೂರತ್ತಿನ ಸ್ಟೇಷನ್ ಹತ್ತಿರ ಉಡುಪಿ ಕಡೆಯವರ ಹೋಟೆಲಿಗೆ ಹೋದರೆ ಗಲ್ಲಾದ ಮೇಲೆ ಕೂತ ಹಿರಿಯರು, “ನೀವು ಎಲ್ಲಿವರೆಗೆ ಕಲ್ತದ್ದು ಮಾರಾಯ್ರೆ?” ಅನ್ನುತ್ತಿದ್ದರು. ಹೀಗೆ ಒಂದೇ ಪ್ರಶ್ನೆಗೆ ಊರಿಗೊಂದು ಮಾತು. ಓದಿದ್ದು, ಕಲಿತದ್ದು, ಸಾಲಿ, ಅಭ್ಯಾಸ. ವಡೋದರೆಗೆ ಬರುವ ಹೊತ್ತಿಗೆ ನಾನು ನಾಲ್ಕಕ್ಕೂ ಉತ್ತರ ಕೊಡಬಲ್ಲವಳಾಗಿದ್ದೆ.

ಈಗ ಉಯ್ಯಾಲೆಗೆ ಬರುತ್ತೇನೆ. ಬಾ ಸುಮ್ಮನೆ ಕೇಳಿದ್ದಲ್ಲ, ಹುಡುಗಿ ಸದಾ ಪುಸ್ತಕ ಹಿಡಿದು ಮನೆಯಲ್ಲೇ ಇರುವುದನ್ನು ನೋಡಿದ್ದರು. ನಾದಿನಿ ವಡೋದರೆಗೆ ಬಂದು ವರ್ಷವಾಗುತ್ತಾ ಬಂದಿತ್ತು. ಬಣ್ಣದ ಕಾರ್ಖಾನೆಯ ಲ್ಯಾಬೊಂದರಲ್ಲಿ ಕೆಲಸ ಹಿಡಿಯಬೇಕೆಂಬುದು ಅವಳ ಆಸೆ. ಮಕರಪುರದ ಕಾರ್ಖಾನೆಗಳಲ್ಲಿ ಒಂದೆರಡು ಕಡೆ ಹೋಗಿಬಂದಿದ್ದಳು. ಲೇಡೀಸ್ ಬೇಡ ಎಂದು ಒಬ್ಬರು ನೇರವಾಗಿ ಹೇಳಿದರು, ಇನ್ನೊಬ್ಬರು ಸುತ್ತಿಬಳಸಿ ಹೇಳಿದರು. ಅತ್ತೆ ಅವಳಿಗೆ ಒಂದು ಗಡುವು ಕೊಟ್ಟಿದ್ದರು. “ದೀಪಾವಳಿ ತನಕಾ ನೋಡು. ಕೆಲಸ ಸಿಕ್ಕರ ಛೊಲೊ. ಇಲ್ಲಂದ್ರ ನಿಮ್ಮ ಮಾಮಾ ನೋಡಿದ ವರಕ್ಕ ಹೂಂ ಅನಬೇಕು.” ಮಾಮಾ ಹುಬ್ಬಳ್ಳಿಯಲ್ಲಿದ್ದರು. ವರ ಹೇಗಿದ್ದನೋ ನನಗೆ ಗೊತ್ತಿಲ್ಲ, ನಾದಿನಿ ಫೋಟೋ ಇದ್ದ ಕವರನ್ನೇ ಬಿಡಿಸಿರಲಿಲ್ಲ.

ಅತ್ತೆ ಮಗಳ ಕೆಲಸಕ್ಕೆ ವಿರೋಧಿಯಾಗಿದ್ದರು ಎಂದುಕೊಳ್ಳಬೇಡಿ. ಅವರ ಕಾಲದಲ್ಲಿ ಏಳನೆಯ ತರಗತಿಗೆ ಮುಲ್ಕಿ ಪರೀಕ್ಷೆ ಅಂತ ಇತ್ತು. ಅದಕ್ಕೆ ತಯಾರಾಗಿದ್ದ ವರ್ಷವೇ ಅವರಿಗೆ ಮದುವೆಯಾಯಿತು. “ನಂದು ಮುಲ್ಕಿ ತನಕಾ ಅಭ್ಯಾಸ,” ಅನ್ನುತ್ತಿದ್ದರು. ಪಾಸು ಅನ್ನುತ್ತಿರಲಿಲ್ಲ, ಫೇಲು ಅಂತೂ ಅಲ್ಲವೇ ಅಲ್ಲ. ಪುಸ್ತಕ ಅಂದರೆ ಅವರಿಗೆ ದೇವರು. ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುವುದು ಎಲ್ಲರೂ ಮಾಡುತ್ತಾರೆ. ಅತ್ತೆ ತಾಗದಿದ್ದರೂ, ತಾಗಿತೇನೋ ಎಂಬ ಅನುಮಾನಕ್ಕೇ ಒತ್ತಿಕೊಳ್ಳುತ್ತಿದ್ದರು.

ಆ ಭಕ್ತಿಯಿಂದಲೇ ಫಜೀತಿ ಆದದ್ದು.

ನವರಾತ್ರಿ ಬಂತು. ಗುಜರಾತಿನಲ್ಲಿ ನವರಾತ್ರಿ ಅಂದರೆ ಗರ್ಬಾ. ನಮ್ಮ ಸೊಸೈಟಿಯ ಅಂಗಳದಲ್ಲಿ ಕಂಬ ನೆಟ್ಟು ಬಣ್ಣದ ಬಲ್ಬು ಕಟ್ಟಿದ್ದರು. ನಮ್ಮ ಮನೆಯೊಳಗೆ ಮಾತ್ರ ನಮ್ಮದೇ ನವರಾತ್ರಿ. ಮೂಲಾ ನಕ್ಷತ್ರದ ದಿನ ಪುಸ್ತಕಗಳನ್ನು ಮಣೆಯ ಮೇಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಸರಸ್ವತಿಯನ್ನು ಆವಾಹನೆ ಮಾಡುವುದು. ಶ್ರವಣ ನಕ್ಷತ್ರ ಬಂದ ಮೇಲೆ ಎತ್ತುವುದು. ನಡುವೆ ಯಾರೂ ಏನನ್ನೂ ಓದುವ ಹಾಗಿಲ್ಲ. ಎಲ್ಲರ ಮನೆಯಲ್ಲೂ ಒಂದೆರಡು ಪುಸ್ತಕ ಇಟ್ಟು ಶಾಸ್ತ್ರ ಮುಗಿಸುತ್ತಾರೆ. ನಮ್ಮ ತಾತನಂತೂ ಹಳೆಯದೊಂದು ಪುಸ್ತಕವನ್ನು ಪೂಜೆಗೆಂದೇ ಮೀಸಲಿಟ್ಟಿದ್ದರು, ಅದನ್ನು ಯಾವ ದಿನವೂ ಯಾರೂ ಓದುತ್ತಿರಲಿಲ್ಲ. ಆದರೆ ಆ ವರ್ಷ ಅತ್ತೆಗೆ ಮಗಳ ಕೆಲಸದ ಚಿಂತೆ.

“ಎಲ್ಲಾ ತಾ. ಒಂದೂ ಬಿಡಬ್ಯಾಡ,” ಎಂದರು ನಾದಿನಿಗೆ.

“ಎಲ್ಲಾ ಯಾಕವ್ವಾ? ಒಂದು ಇಟ್ಟರ ಸಾಕು.”

“ಒಂದು ಇಟ್ಟು ಒಂದರಾಗ ಪಾಸಾಗ್ತಿ ಏನು? ತಾ ಅಂದ್ರ ತಾ.”

ಟ್ರಂಕು ಖಾಲಿಯಾಯಿತು. ರಸಾಯನಶಾಸ್ತ್ರದ ದಪ್ಪ ಪುಸ್ತಕಗಳು, ಅವಳ ನೋಟ್ಸು, ಅದರ ಮೇಲೆ ನನ್ನ ಅಡುಗೆ ಪುಸ್ತಕ, ಯಜಮಾನರ ಕಚೇರಿಯ ಕೈಪಿಡಿ, ಅತ್ತೆಯ ಸ್ತೋತ್ರದ ಪುಸ್ತಕ, ಪಂಚಾಂಗ. ರಾಶಿ ಮೇಲೇರಿ ದೇವರ ಗೂಡಿನ ಸರಸ್ವತಿಯ ಪಟವೇ ಮರೆಯಾಯಿತು. ಅತ್ತೆ ಎಲ್ಲದರ ಮೇಲೆ ತಮ್ಮ ರೇಷ್ಮೆ ಕುಪ್ಪಸದ ಕಣ ಹೊದಿಸಿ, ಹೂ ಏರಿಸಿ ತೃಪ್ತಿಯಿಂದ ಕೈಮುಗಿದರು. ಅಂಚೆಯವನು ಬಂದದ್ದು ಆಮೇಲೆ, ಊಟದ ಹೊತ್ತಿಗೆ.

ಅಹಮದಾಬಾದಿನ ವಟ್ವಾದಿಂದ ಪತ್ರ. ಬಣ್ಣದ ಕಾರ್ಖಾನೆಯೊಂದು ನಾದಿನಿಯನ್ನು ಪರೀಕ್ಷೆಗೂ ಸಂದರ್ಶನಕ್ಕೂ ಕರೆದಿತ್ತು. ದಸರೆಯ ಮರುದಿನ.

ನಾದಿನಿ ಪತ್ರ ಹಿಡಿದುಕೊಂಡು ದೇವರ ಗೂಡಿನ ಕಡೆ ನೋಡಿದಳು. ನಾನೂ ನೋಡಿದೆ. ಅತ್ತೆ ಮಾತ್ರ ಸಾರಿನ ಸೌಟನ್ನು ನೋಡುತ್ತಿದ್ದರು. ಆಮೇಲೆ, “ಪತ್ರ ಓದಿದಿ,” ಎಂದರು ಮೆಲ್ಲಗೆ. “ಓದಬಾರದಿತ್ತು.”

“ಓದದ ಹೆಂಗ ಗೊತ್ತಾಗಬೇಕು?”

“ಅದೂ ಖರೇ.”

ನಾದಿನಿ ಕೇಳಿದಳು, “ಅವ್ವಾ, ಒಂದೇ ಒಂದು ಪುಸ್ತಕ ತಗೋತೀನಿ.”

“ತಗೋ.”

ಅವಳು ಬೆಚ್ಚಿದಳು. ಬೇಡ ಅಂದಿದ್ದರೆ ಜಗಳವಾಡಲು ತಯಾರಾಗಿದ್ದಳು.

“ನಾ ಬ್ಯಾಡ ಅನ್ನೂದಿಲ್ಲ,” ಎಂದರು ಅತ್ತೆ. “ದೇವಿ ಮುಂದ ಇಟ್ಟಾಕಿ ನಾ. ತಗೊಳ್ಳಾಕಿ ನೀ. ನಿಮ್ಮಿಬ್ಬರ ನಡುವ ನಾ ಯಾಕ ಬರಲಿ?”

“ಹಂಗಂದ್ರ ಹೆಂಗವ್ವಾ? ನಾಳೆ ಕೆಲಸ ಸಿಗಲಿಲ್ಲ ಅಂದ್ರ, ನಡುವ ಪುಸ್ತಕ ತಗದಿ, ಅದಕ್ಕ ಸಿಗಲಿಲ್ಲ ಅಂತ ನನ್ನ ಮೊಮ್ಮಕ್ಕಳ ಮುಂದನೂ ಹೇಳ್ತಿ.”

“ಹೇಳ್ತೀನಿ. ಪುಸ್ತಕಾನೂ ತಗೀಲಿಲ್ಲ, ಕೆಲಸಾನೂ ಸಿಗಲಿಲ್ಲ ಅಂದ್ರ, ಅವ್ವ ಅಭ್ಯಾಸ ಮಾಡಗೊಡಲಿಲ್ಲ ಅಂತ ನೀ ಹೇಳ್ತಿ.”

“ಹೇಳ್ತೀನಿ.”

“ಮತ್ತ?”

“ಮತ್ತೇನು. ಚಹಾ ಮಾಡ್ತೀನಿ.”

ಇಬ್ಬರೂ ಎಷ್ಟು ನಿಜ ಹೇಳಿದ್ದರೆಂದರೆ ನನಗೆ ಯಾರ ಪಕ್ಷ ಹಿಡಿಯಬೇಕೆಂದೇ ತೋಚಲಿಲ್ಲ. ಸಂಜೆ ಯಜಮಾನರು ಬಂದು ವಿಷಯ ಕೇಳಿ ಪೇಪರು ಹುಡುಕಿದರು. ಅತ್ತೆ ಅದನ್ನೂ ರಾಶಿಯ ಕೆಳಗೆ ಸೇರಿಸಿದ್ದರು. “ಹಂಗಿದ್ರ ಆಫೀಸ್ನಾಗ ಓದ್ತೀನಿ ಬಿಡವ್ವಾ,” ಎಂದರು. “ಅಲ್ಲಿ ನೀ ಏನು ಮಾಡ್ತಿ ನನಗೇನು ಗೊತ್ತು,” ಎಂದರು ಅತ್ತೆ.

ಆ ಹೊತ್ತಿಗೆ ಬಾ ಬಂದರು. ಉಯ್ಯಾಲೆಯ ಮೇಲೆ ಕೂತು, ನಮ್ಮ ಮುಖ ನೋಡಿ, ಏನಾಯಿತು ಅಂದರು. ನಾನು ಎಲ್ಲ ಹೇಳಿದೆ. ಇಲ್ಲಿಂದ ಮುಂದೆ ಬಾ ನಮ್ಮ ಜೊತೆ ಆಡಿದ್ದನ್ನು ನಾನು ಕನ್ನಡದಲ್ಲೇ ಬರೆಯುತ್ತೇನೆ, ಅವರ ಒಂದು ಮಾತನ್ನು ಬಿಟ್ಟು. ‘ಏಟಲೇ?’ ಎಂಬ ಮಾತು ಅದು. ಹಾಗಂದರೆ? ಎಂದು ಅರ್ಥ. ಗುಜರಾತಿಯ ಅರ್ಧ ಬದುಕು ಆ ಮಾತಿನ ಮೇಲೆ ನಿಂತಿದೆ.

ಬಾ ಕೇಳಿದರು, “ಅಷ್ಟೆಲ್ಲ ಆ ಪುಸ್ತಕದಲ್ಲಿ ಏನಿದೆ?”

ಅತ್ತೆ ಮಗಳ ಕಡೆ ತಿರುಗಿದರು. “ಹೌದಲ್ಲ. ಏನದ ಅದರಾಗ? ಇಷ್ಟು ವರ್ಷ ಅಭ್ಯಾಸ ಮಾಡಿದಿ, ನಾನೂ ಕೇಳಲಿಲ್ಲ, ನೀನೂ ಹೇಳಲಿಲ್ಲ. ಈಗ ಹೇಳು.”

“ನಿನಗ ಹೇಳ್ಲಾ? ಡೈ ಕೆಮಿಸ್ಟ್ರಿ?”

“ಯಾಕ, ನನಗ ಕಿವಿ ಇಲ್ಲೇನು? ಓದೂದು ಬಂದಾಗ್ಯದ. ಬಾಯಿ ಬಂದಾಗಿಲ್ಲ.”

ನಾದಿನಿ ಬೇಸರದಿಂದಲೇ ಶುರು ಮಾಡಿದಳು. ಅರ್ಧ ವಾಕ್ಯಕ್ಕೆ ನಾಲ್ಕು ಇಂಗ್ಲಿಷ್ ಮಾತು. ಬಾ, “ಏಟಲೇ?” ಎಂದರು. ಅವಳು ಇನ್ನೊಂದು ಇಂಗ್ಲಿಷ್ ಮಾತಿನಿಂದ ವಿವರಿಸಿದಳು. ಮತ್ತೆ, “ಏಟಲೇ?” ಅವಳು ತಡೆದು ನಿಂತಳು. ಆ ಇಂಗ್ಲಿಷ್ ಮಾತನ್ನು ಪರೀಕ್ಷೆಯಲ್ಲಿ ಎಷ್ಟೋ ಸಲ ಬರೆದಿದ್ದಳು. ಅದನ್ನು ತೆಗೆದರೆ ಒಳಗೆ ಏನಿದೆ ಎಂದು ಯಾರೂ ಕೇಳಿರಲಿಲ್ಲ.

ಆಮೇಲೆ ಅವಳು ಎದ್ದು ಹೋಗಿ ತನ್ನ ನೀಲಿ ಸೀರೆಯನ್ನು ತಂದು ಸೆರಗು ಬಿಡಿಸಿ ತೋರಿಸಿದಳು. “ಈ ಬಣ್ಣ ನೀರಾಗ ಕರಗ್ತದ. ನೀರಾಗ ಆರಾಮ ಇರೋ ಬಣ್ಣಕ್ಕ ಹತ್ತಿ ಬಟ್ಟಿಗೆ ಬರೋ ಮನಸ್ಸೇ ಇರೂದಿಲ್ಲ. ಅದಕ್ಕ ಮೊದಲು ಉಪ್ಪು ಹಾಕ್ತಾರ. ಉಪ್ಪು ಅದನ್ನ ಬಟ್ಟಿ ಕಡೆ ದೂಡ್ತದ. ಆಮ್ಯಾಲೆ ಸೋಡಾ ಹಾಕ್ತಾರ. ಸೋಡಾ ಬಿದ್ದ ಮ್ಯಾಲೆ ಬಣ್ಣ ಬಟ್ಟೀನ ಹಿಡ್ಕೊಂಡುಬಿಡ್ತದ. ಮತ್ತ ಬಿಡೂದಿಲ್ಲ.”

ಅತ್ತೆ ಯೋಚಿಸಿದರು. “ಅಂದ್ರ ಉಪ್ಪು ಬೀಗರನ್ನ ಮನೀ ತನಕಾ ಕರಕೊಂಡು ಬರ್ತದ. ಸೋಡಾ ಅಕ್ಕಿಕಾಳು ಹಾಕಸ್ತದ.”

“ಹಂಗ ಅನ್ಕೋ.”

ನಾನು ಗುಜರಾತಿಯಲ್ಲಿ ಹೇಳಿದೆ. ಬಾ ಉಯ್ಯಾಲೆ ನಿಲ್ಲಿಸಿ ಕೇಳಿದರು, “ಸೋಡಾನೇ ಮೊದಲು ಹಾಕಿದರೆ?”

ನಾದಿನಿಯ ಮುಖದಲ್ಲಿ ಅಂದು ಮೊದಲ ಬಾರಿ ನಗು ಬಂತು. “ಹಾಕಿದ್ರ ಬಣ್ಣ ನೀರಿನ ಜೋಡೀನ ಲಗ್ನ ಆಗಿಬಿಡ್ತದ. ಬಟ್ಟಿ ಹಂಗ ನಿಂತಿರ್ತದ.”

“ಪಾಪ,” ಎಂದರು ಬಾ, ಬಟ್ಟೆಯ ಬಗ್ಗೆ.

ಹೀಗೆ ನಡೆಯಿತು. ಅಷ್ಟಮಿಯ ದಿನ ಬೆಳಿಗ್ಗೆ ನಾವು ಅವರೆಕಾಳು ಸುಲಿಯುತ್ತಿದ್ದಾಗ, ಮಧ್ಯಾಹ್ನ ಬಾ ಹಪ್ಪಳ ಒತ್ತಿಸಲು ಕರೆದಾಗ, ಸಂಜೆ ಉಯ್ಯಾಲೆಯ ಮೇಲೆ. ಅವಳು ಹೇಳುವುದು, ಇವರಿಬ್ಬರು ಕೆದಕುವುದು. ಬಣ್ಣ ಮಾಡುವಾಗ ಐಸ್ ಯಾಕೆ ಹಾಕುತ್ತಾರೆ, ಬಿಸಿಯಾದರೆ ಏನಾಗುತ್ತದೆ, ಬಿಸಿಲಿಗೆ ಬಣ್ಣ ಯಾಕೆ ಹೋಗುತ್ತದೆ, ಬಾ ಅವರ ಮಗಳ ಮದುವೆಯ ಕೆಂಪು ಸೀರೆ ಮೊದಲ ಒಗೆತಕ್ಕೇ ಬಿಳಿ ಅಂಗಿಗಳನ್ನೆಲ್ಲ ಗುಲಾಬಿ ಮಾಡಿದ್ದು ಯಾರ ತಪ್ಪು. ಕೊನೆಯ ಪ್ರಶ್ನೆಗೆ ನಾದಿನಿ ಕಾರ್ಖಾನೆಯ ತಪ್ಪು ಅಂದಳು. ಬಾ ಬೀಗರ ತಪ್ಪು ಅಂದರು. ಬೀದಿಯಲ್ಲಿ ಹೋಗುವವರು ಏನು ನಡೆದಿದೆ ಅಂದರೆ ಬಾ, “ಅಭ್ಯಾಸ ಚಾಲೇ ಛೇ,” ಅನ್ನುವರು. ಅತ್ತೆಯೂ ಅದನ್ನೇ ಕನ್ನಡದಲ್ಲಿ ಅನ್ನುವರು, “ಅಭ್ಯಾಸ ನಡದದ.” ಯಾರದು ಎಂದು ಇಬ್ಬರೂ ಹೇಳುತ್ತಿರಲಿಲ್ಲ.

ನವಮಿಯ ಮಧ್ಯಾಹ್ನ ಬಂಡಿ ನಿಂತಿತು. ಎರಡು ಬಗೆಯ ವಸ್ತುಗಳನ್ನು ಸೇರಿಸಿ ಬಣ್ಣ ಕಟ್ಟುವ ಒಂದು ವಿಧಾನವಂತೆ. ಒಂದು ಬಗೆಗೆ ಹುಳಿ ಬೇಕು, ಇನ್ನೊಂದಕ್ಕೆ ಕ್ಷಾರ ಬೇಕು. ಯಾವುದಕ್ಕೆ ಯಾವುದು ಎಂಬುದು ನಾದಿನಿಗೆ ನೆನಪಾಗಲಿಲ್ಲ. ಹೀಗೆ ಹೇಳಿದಳು, ಅಲ್ಲ ಅಂದಳು, ಹಾಗೆ ಹೇಳಿದಳು, ಅದೂ ಅಲ್ಲ ಅಂದಳು. ಬಾ “ಏಟಲೇ?” ಅನ್ನುವುದನ್ನೂ ಬಿಟ್ಟರು.

“ಒಂದು ಪುಟ ವೈನಿ,” ಎಂದಳು ನನಗೆ. “ಒಂದು ಪುಟದ ಮಾತು. ಪುಸ್ತಕದ ಎಡಗಡೆ, ಮ್ಯಾಲೆ. ಪುಟ ಕಣ್ಣಿಗೆ ಕಾಣಸ್ತದ. ಅಕ್ಷರ ಕಾಣಸೂದಿಲ್ಲ.”

ಅವಳು ಎದ್ದು ಒಳಗೆ ಹೋದಳು. ನನಗೆ ಅನುಮಾನ ಬಂದು ಹಿಂದೆಯೇ ಹೋದೆ. ದೇವರ ಗೂಡಿನ ಮುಂದೆ ನಿಂತಿದ್ದಳು. ಕೈ ಕುಪ್ಪಸದ ಕಣದ ಅಂಚಿನವರೆಗೆ ಹೋಗಿತ್ತು. ನನ್ನ ಬೆನ್ನ ಹಿಂದೆ ಅತ್ತೆಯೂ ಬಂದು ನಿಂತಿದ್ದರು. ಮುಖ ತಿರುಗಿಸಿ ಗೋಡೆಯ ಮೇಲಿನ ಗಡಿಯಾರ ನೋಡುತ್ತಾ ನಿಂತರು. ನೋಡಲಿಲ್ಲ ಎಂದು ಆಮೇಲೆ ಹೇಳಬಹುದಲ್ಲ, ಅದಕ್ಕೆ. ಮಗಳಿಗಾಗಿ ಅವರು ಕೊಡಬಹುದಾದದ್ದು ಅಷ್ಟು. ನಾದಿನಿ ಆ ಅಂಚನ್ನು ಸರಿಮಾಡಿ ಕೈ ಹಿಂದೆಗೆದುಕೊಂಡಳು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು.

ಬಾ ಉಯ್ಯಾಲೆಯಿಂದಲೇ ಕೇಳಿದರು, “ನೀವು ಪುಸ್ತಕ ಎತ್ತುವುದು ಯಾವಾಗ?”

“ನಾಳೆ, ದಸರಾ ದಿನ ಮುಂಜಾನೆ,” ಎಂದರು ಅತ್ತೆ.

“ನಾಳೆಯೇ ಯಾಕೆ?”

“ಶ್ರವಣ ನಕ್ಷತ್ರದಾಗ ಎತ್ತಬೇಕು. ಮೂಲಾದಾಗ ಇಡೂದು, ಶ್ರವಣದಾಗ ಎತ್ತೂದು. ನಮ್ಮ ಅತ್ತಿಯವರು ಹೇಳಿದ್ದು.”

“ಶ್ರವಣ ಯಾವಾಗ ಬರುತ್ತದೆ?”

“ನಾಳೆ ಇರಬೇಕು. ಯಾವಾಗಲೂ ದಸರಾ ದಿನಾನ ಇರ್ತದ. ಪಂಚಾಂಗದಾಗ ಅದ.”

“ಪಂಚಾಂಗ ನೋಡಿದಿರಾ?”

ಅತ್ತೆ ಬಾಯಿ ತೆರೆದವರು ಹಾಗೆಯೇ ನಿಂತರು. ಪಂಚಾಂಗ ರಾಶಿಯ ತುದಿಯಲ್ಲಿ, ಹೂವಿನ ಕೆಳಗೆ ಇತ್ತು. ಶ್ರವಣ ಬರುವವರೆಗೆ ಅದನ್ನು ಓದುವ ಹಾಗಿಲ್ಲ. ಶ್ರವಣ ಯಾವಾಗ ಬರುತ್ತದೆಂದು ಅದನ್ನು ಓದದೆ ತಿಳಿಯುವ ಹಾಗಿಲ್ಲ. ಮುಖ ಸಣ್ಣದು ಮಾಡಿಕೊಂಡು ಕೂತಿದ್ದ ನಾದಿನಿಯೇ ಮೊದಲು ನಕ್ಕಳು. ಆಮೇಲೆ ನಾನು. ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದರು. “ನಗಬ್ಯಾಡ್ರಿ. ದೇವಿ ಕೇಳ್ತಾಳ,” ಎಂದರು, ಅವರ ಭುಜವೂ ಕುಣಿಯುತ್ತಿತ್ತು.

ಬಾ ನಗಲಿಲ್ಲ. ಎದ್ದು, ಚಪ್ಪಲಿ ಹುಡುಕಿ ಮೆಟ್ಟಿ ತಮ್ಮ ಮನೆಗೆ ಹೋದರು. ಅವರ ಅಡುಗೆಮನೆಯ ಗೋಡೆಗೆ ದಿನ ದಿನ ಹರಿಯುವ ಗುಜರಾತಿ ಕ್ಯಾಲೆಂಡರ್ ಇತ್ತು, ತಿಥಿ ನಕ್ಷತ್ರ ಎಲ್ಲ ಇರುವಂಥದು. ಅವರ ಮನೆಯಲ್ಲಿ ಪುಸ್ತಕಕ್ಕೆ ಪೂಜೆ ದೀಪಾವಳಿಗೆ. ಈಗ ಓದಲು ಯಾವ ಅಡ್ಡಿಯೂ ಇರಲಿಲ್ಲ. ಕಿಟಕಿಯಿಂದ ಅವರ ದನಿ ಕೇಳಿತು. “ಶ್ರವಣ ಇವತ್ತೇ ಬರುತ್ತದೆ. ಇವತ್ತು ಸಂಜೆ ಆರರ ಹೊತ್ತಿಗೆ.”

ಅತ್ತೆ ಕಿಟಕಿಯ ಕಡೆ ನೋಡಿದರು. “ಬರೋಬ್ಬರಿ ನೋಡ್ರಿ.”

“ಎರಡು ಸಲ ನೋಡಿದೆ. ಕನ್ನಡಕ ಹಾಕಿಕೊಂಡು ನೋಡಿದೆ.”

ಆಮೇಲೆ ಅತ್ತೆ ಮಾಡಿದ್ದನ್ನು ನಾನು ಇಂದಿಗೂ ಮೆಚ್ಚಿಕೊಳ್ಳುತ್ತೇನೆ. ಪ್ರತಿ ವರ್ಷ ದಶಮಿಯ ಬೆಳಿಗ್ಗೆಯೇ ಎತ್ತಿದವರು, ನಲವತ್ತು ವರ್ಷದ ರೂಢಿಯವರು, ಸ್ವಲ್ಪ ಹೊತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತರು. “ನಮ್ಮ ಅತ್ತಿಯವರು ಶ್ರವಣದಾಗ ಅಂದಿದ್ರು. ದಶಮಿ ಅಂದಿದ್ದಿಲ್ಲ,” ಎಂದು ತಮಗೆ ತಾವೇ ಹೇಳಿಕೊಂಡರು. ಮತ್ತೆ ನನಗೆ, “ಮೊಸರವಲಕ್ಕಿ ಕಲಸು. ನೈವೇದ್ಯಕ್ಕ,” ಎಂದರು.

ದೀಪ ಹಚ್ಚುವ ಹೊತ್ತಿಗೆ ಗಡಿಯಾರ ಆರು ದಾಟಿತ್ತು. ಅತ್ತೆ ಇನ್ನೂ ಸ್ವಲ್ಪ ತಡೆದರು, ಗಡಿಯಾರ ಮುಂದಿದ್ದರೆ ಎಂದು. ಆಮೇಲೆ ಮಂಗಳಾರತಿ ಮಾಡಿ, ಮಣೆಯನ್ನು ಮೆಲ್ಲಗೆ ಉತ್ತರಕ್ಕೆ ಸರಿಸಿ, “ಹೋಗಿ ಬಾ ತಾಯಿ,” ಎಂದರು. ಎತ್ತಿದ ಕೂಡಲೇ ಒಂದು ಪುಟವಾದರೂ ಓದಬೇಕೆಂಬುದು ಶಾಸ್ತ್ರ. ನಾದಿನಿಗೆ ಯಾವ ಪುಟ ಎಂದು ಹೇಳಬೇಕಾಗಿರಲಿಲ್ಲ. ಕುಂಕುಮ ಮೆತ್ತಿದ ಪುಸ್ತಕ ಬಿಡಿಸಿ, ಎಡಗಡೆ, ಮೇಲೆ, ಬೆರಳಿಟ್ಟಳು.

“ಸಿಕ್ತೇನು?” ಎಂದರು ಅತ್ತೆ.

“ಸಿಕ್ತು.”

“ಏನದ?”

“ಎರಡನೇ ಸಲ ಹೇಳಿದ್ದೇ ಬರೋಬ್ಬರಿ ಇತ್ತು.”

“ಏಟಲೇ?” ಎಂದರು ಬಾ ಬಾಗಿಲಿನಿಂದ.

ಅಂಗಳದಲ್ಲಿ ಗರ್ಬಾದ ಧ್ವನಿವರ್ಧಕ ಶುರುವಾಯಿತು. ನಾದಿನಿ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಳು. ಮರುದಿನ ದಸರೆ. ಬೀದಿಯವರೆಲ್ಲ ಜಿಲೇಬಿ, ಕಡಲೆಹಿಟ್ಟಿನ ಫಾಫಡಾ ತಿಂದರು. ಅತ್ತೆ ಎಲ್ಲಿಂದಲೋ ಬನ್ನಿ ಎಲೆ ತರಿಸಿ ಬಾ ಅವರ ಕೈಗೆ ಇಟ್ಟು, “ಬಂಗಾರದಂಗ ಇರೂಣು,” ಎಂದರು. ಅದನ್ನು ನಾನು ತರ್ಜುಮೆ ಮಾಡಿದೆ. ಆ ದಿನಗಳಲ್ಲಿ ನನಗೆ ಸಿಕ್ಕ ಅಪರೂಪದ ಕೆಲಸ.

ಅದರ ಮರುದಿನ ಅಣ್ಣ ತಂಗಿ ಬೆಳಗಿನ ರೈಲಿಗೆ ವಟ್ವಾಗೆ ಹೋದರು. ಸಂಜೆ ವಾಪಸು ಬಂದಾಗ ಅತ್ತೆ ನೀರು ಕೊಟ್ಟು ಅಲ್ಲೇ ನಿಂತರು. ನಾದಿನಿಯೇ ಹೇಳಿದಳು. ಬರೆಯುವ ಪರೀಕ್ಷೆ ಅರ್ಧ ಚೆನ್ನಾಗಿ ಆಯಿತು, ಅರ್ಧ ಹೇಗೋ ಆಯಿತು. ಆ ಹುಳಿ ಕ್ಷಾರದ ಪ್ರಶ್ನೆ ಬರಲೇ ಇಲ್ಲ. ಸಂದರ್ಶನದಲ್ಲಿ ಒಬ್ಬರು ಇಂಗ್ಲಿಷಿನಲ್ಲಿ ಕೇಳಿದರು, ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಮಾಲೀಕರು ವಯಸ್ಸಾದವರು, ಪಕ್ಕದಲ್ಲಿ ಸುಮ್ಮನೆ ಕೂತಿದ್ದರು. ಅವರು ಕೊನೆಗೆ ಒಂದೇ ಮಾತು ಆಡಿದರು.

“ಏನಂದ್ರು?”

“ಏಟಲೇ ಅಂದ್ರು.”

ಅವಳು ತನಗೆ ಬಂದ ಗುಜರಾತಿಯಲ್ಲಿ ಹೇಳಿದಳಂತೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ, ಪುಸ್ತಕ ನೋಡಿ ಹೇಳಬೇಕು ಅಂದಳಂತೆ. ಅವರು ಹೂಂ ಎಂದರೋ ಉಹೂಂ ಎಂದರೋ ಅವಳಿಗೆ ತಿಳಿಯಲಿಲ್ಲ.

ದೀಪಾವಳಿ ಬಂತು, ಪತ್ರ ಬರಲಿಲ್ಲ. ಹುಬ್ಬಳ್ಳಿಯಿಂದ ಮಾಮಾನ ಪತ್ರ ಬಂತು. ಅದನ್ನು ಅತ್ತೆ ತಲೆದಿಂಬಿನ ಕೆಳಗೆ ಇಟ್ಟುಕೊಂಡರು. ನಾದಿನಿ ಆ ದಿನಗಳಲ್ಲಿ ಮನೆಯ ತಾಮ್ರದ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿದಳು, ತಿಕ್ಕಿದ್ದನ್ನೇ ತಿಕ್ಕಿದಳು. ಪಾಡ್ಯದ ದಿನ ಅತ್ತೆ ಉಯ್ಯಾಲೆಯ ಮೇಲೆ, “ದೀಪಾವಳಿ ಮುಗೀತಲ್ಲ,” ಎಂದು ಮಾತು ತೆಗೆದರು.

ಬಾ ಆಶ್ಚರ್ಯದಿಂದ ನೋಡಿದರು. “ಯಾರು ಹೇಳಿದರು? ಲಾಭ ಪಂಚಮಿಯವರೆಗೆ ಗುಜರಾತಿನಲ್ಲಿ ದೀಪಾವಳಿ. ಒಂದು ಅಂಗಡಿಯಾದರೂ ಬಾಗಿಲು ತೆರೆದಿದೆಯಾ ನೋಡಿ. ಕಾರ್ಖಾನೆಯವನು ಹೇಗೆ ಪತ್ರ ಬರೆಯುತ್ತಾನೆ?”

ಅತ್ತೆ ಬೀದಿಯ ಕಡೆ ನೋಡಿದರು. ನಿಜವಾಗಿ ಎಲ್ಲ ಮುಚ್ಚಿತ್ತು. “ಗುಜರಾತದಾಗ ಇದ್ದ ಮ್ಯಾಲೆ ಗುಜರಾತದ ದೀಪಾವಳೀನ ಹಿಡೀಬೇಕು,” ಎಂದರು. ಮಾಮಾನಿಗೆ ಉತ್ತರ ಬರೆಯುವುದು ಮುಂದಕ್ಕೆ ಹೋಯಿತು.

ಪಂಚಮಿ ಕಳೆದು ಅಂಗಡಿಗಳು ಬಾಗಿಲು ತೆರೆದವು. ಆ ವಾರವೇ ವಟ್ವಾದಿಂದ ಪತ್ರ ಬಂತು. ಲ್ಯಾಬಿನಲ್ಲಿ ಕೆಲಸ, ಮುಂದಿನ ತಿಂಗಳಿಂದ. ಬಾ ಪತ್ರವನ್ನು ಕೈಯಲ್ಲಿ ಹಿಡಿದು ನೋಡಿ, ಇಂಗ್ಲಿಷಾದ್ದರಿಂದ ಹಿಂದಕ್ಕೆ ಕೊಟ್ಟು, ಅತ್ತೆಯ ಬಾಯಿಗೆ ಬೆಲ್ಲ ಹಾಕಿದರು. ಅತ್ತೆ ಅಂದು ಸಂಜೆಯೇ ಹುಬ್ಬಳ್ಳಿಗೆ ಪತ್ರ ಬರೆದರು. ಏನು ಬರೆದರೋ ನಮಗೆ ತೋರಿಸಲಿಲ್ಲ.

ಅಹಮದಾಬಾದಿನಲ್ಲಿ ಒಂದು ಕೋಣೆ ಹಿಡಿದೆವು. ಅತ್ತೆ ಮಗಳ ಜೊತೆಗೆ ಹೋದರು. ಕೆಲಸದ ಮೊದಲ ದಿನ ಅವಳ ಜೊತೆ ಬಸ್ಸಿನಲ್ಲಿ ಕಾರ್ಖಾನೆಯ ಗೇಟಿನವರೆಗೂ ಹೋದರು. ನಾದಿನಿ ಮನೆಗೆ ಹೋಗು ಅಂದಳು, ಹೂಂ ಅಂದರು. ಹೋಗಲಿಲ್ಲ. ಎದುರಿನ ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತರು. ಅಂಗಡಿಯವನು ಚಹಾ ಕೊಟ್ಟ, ಮಧ್ಯಾಹ್ನ ನೆರಳಿಗೆ ಬೆಂಚನ್ನು ಸರಿಸಿಕೊಟ್ಟ. ಸಂಜೆ ಗೇಟು ತೆರೆದು ಗಂಡಸರ ಗುಂಪು ಹೊರಬಂತು, ಅವರ ಹಿಂದೆ ನಾದಿನಿ ಬಂದಳು. ಅವಳ ಕೈ ಮೊಣಕೈಯವರೆಗೆ ನೀಲಿಯಾಗಿತ್ತು. ಅತ್ತೆ ಎದ್ದು ಅವಳ ಕೈಯಿಂದ ಊಟದ ಡಬ್ಬಿ ತೆಗೆದುಕೊಂಡರು, ಮತ್ತು ಇಬ್ಬರೂ ಬಸ್ಸು ಹತ್ತಿ ಮನೆಗೆ ಹೋದರು.